ಓಡುತ್ತಿದ್ದ ಗಣಿತಜ್ಞ

ಕಳೆದ ಮಳೆಗಾಲದಲ್ಲಿ ಪುತ್ತೂರಿನ ಒಂದು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಗಣಿತ ಸಂಘದ ಕೂಟಕ್ಕೆ ನನ್ನನ್ನು ಕರೆದಿದ್ದರು. ನಿವೃತ್ತನಾದ ಗಣಿತದ ಅಧ್ಯಾಪಕನಿಗೆ ಇಂತಹ ಕರೆ ಬರುವುದು ಅಪರೂಪ; ಬಂದಾಗ ಇಲ್ಲವೆನ್ನಲು ಮನಸ್ಸಾಗುವುದಿಲ್ಲ. ಗಣಕಯಂತ್ರಕ್ಕೆ ತಾತ್ವಿಕವಾದ ತಳಹದಿಯನ್ನು ಹಾಕಿಕೊಟ್ಟ ಅಲನ್ ಮ್ಯಾಥಿಸನ್ ಟ್ಯೂರಿಂಗನನ್ನು ಕುರಿತು ಒಂದು ಗಂಟೆಯಷ್ಟು ಕಾಲ ಮಾತನಾಡಿದೆ. ಹೊರಗೆ ಮಳೆ ಹೆಂಚಿನ ಮೇಲೆ ಬಡಿಯುತ್ತಿತ್ತು. ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತು, ಅಂತಹ ದೊಡ್ಡ ಬುದ್ಧಿವಂತನು 41ನೆಯ ವಯಸ್ಸಿನಲ್ಲಿಯೇ ಹೇಗೆ ಸತ್ತನೆಂದು ಕೇಳಿದನು. ವಿಷದಿಂದ ಸತ್ತನೆಂದಷ್ಟೇ ಹೇಳಿ ನಾನು ಕುಳಿತುಬಿಟ್ಟೆ. ಅಧ್ಯಕ್ಷರು ವಂದನಾರ್ಪಣೆಗೆ ಅವಕಾಶ ಮಾಡಿಕೊಟ್ಟರು. ಚಹಾ ಬಂತು.

ನನಗೆ ತಿಳಿಯದಿದ್ದರೆ ಆ ಉತ್ತರಕ್ಕೆ ಕ್ಷಮೆಯಿತ್ತು. ತಿಳಿದಿದ್ದೂ ಹೇಳಲಿಲ್ಲ. ಆ ಹುಡುಗನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಉತ್ತರವು ಸ್ವಲ್ಪ ದೀರ್ಘವಾದುದು. ಅದರಲ್ಲಿ ನನ್ನ ಪಾಲಿನದೂ ಒಂದಿಷ್ಟಿದೆ.

ಟ್ಯೂರಿಂಗನಿಗೂ ನಮ್ಮ ನಾಡಿಗೂ ಇರುವ ನಂಟನ್ನು ಬಹಳ ಮಂದಿ ಅರಿಯರು. ಅವನ ತಂದೆ ಜೂಲಿಯಸ್ ಟ್ಯೂರಿಂಗನು ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿ. 1896ರಲ್ಲಿ ಮದರಾಸಿಗೆ ಬಂದಿಳಿದು, ಮೊದಲ ಹತ್ತು ವರ್ಷಗಳನ್ನು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕಳೆದವನು. ಆಗ ಬಳ್ಳಾರಿಯೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದರಾಸು ಆಧಿಪತ್ಯದ ಜಿಲ್ಲೆಗಳು. ಬಳ್ಳಾರಿಯ ರೈತನ ತೀರ್ವೆಯನ್ನೂ ಪುತ್ತೂರಿನ ರೈತನ ತೀರ್ವೆಯನ್ನೂ ಒಂದೇ ಸರಕಾರವು ಎಣಿಸಿಕೊಳ್ಳುತ್ತಿತ್ತು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಅವಳ ತಂದೆ ಎಡ್ವರ್ಡ್ ವಾಲರ್ ಸ್ಟೋನಿಯು ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರನಾಗಿದ್ದನು; ತುಂಗಭದ್ರೆಗೆ ರೈಲಿನ ಸೇತುವೆಯನ್ನು ಕಟ್ಟಿಸಿದವನು ಅವನೇ. ಸದ್ದು ಮಾಡದ ಪಂಖಾ ಚಕ್ರವೊಂದನ್ನು ಕಂಡುಹಿಡಿದು ಅದಕ್ಕೆ ತನ್ನ ಹೆಸರನ್ನೂ ಇಟ್ಟಿದ್ದನು. ಯಂತ್ರದ ಹುಚ್ಚು ಮೊಮ್ಮಗನಿಗೆ ತಾಯಿಯ ಕಡೆಯಿಂದ ಬಂದಿರಬೇಕೆಂದು ನನ್ನ ಊಹೆ.

ಅಲನನ ಅಣ್ಣನು 1908ರಲ್ಲಿ ಕೂನೂರಿನಲ್ಲಿ ಹುಟ್ಟಿದನು. ಅಲನನು ತಾಯಿಯ ಗರ್ಭದಲ್ಲಿ ಸಮುದ್ರವನ್ನು ದಾಟಿ, 1912ನೆಯ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದನು. ಇಂಡಿಯಾದ ಹವೆಯು ಎಳೆಯ ಮಕ್ಕಳಿಗೆ ಒಗ್ಗುವುದಿಲ್ಲವೆಂಬುದು ಆ ಕಾಲದ ಆಂಗ್ಲರ ನಂಬಿಕೆ. ಆದುದರಿಂದ ಇಬ್ಬರು ಗಂಡುಮಕ್ಕಳನ್ನೂ ಇಂಗ್ಲೆಂಡಿನ ಕಡಲ ತೀರದಲ್ಲಿದ್ದ ನಿವೃತ್ತ ಕರ್ನಲ್ ಒಬ್ಬನ ಮನೆಯಲ್ಲಿ ಬಿಟ್ಟು, ತಂದೆತಾಯಿಗಳು ಮದರಾಸು ಆಧಿಪತ್ಯದ ಕಚೇರಿಗಳಿಗೆ ಹಿಂದಿರುಗಿದರು. ನಮ್ಮಲ್ಲಿಯೂ ಸುಬ್ರಹ್ಮಣ್ಯದ ಆಚೆಯ ಕಾಡಂಚಿನ ಮನೆಗಳ ಮಕ್ಕಳು ಓದಿಗಾಗಿ ಪರರ ಮನೆಗಳಲ್ಲಿ ವಾರಾನ್ನ ಉಂಡು ಬೆಳೆದುದುಂಟು. ಅಂತಹ ಮಕ್ಕಳಿಗೆ ತಮ್ಮ ಒಳಗಿನ ಸಂಗತಿಗಳನ್ನು ತಮ್ಮೊಳಗೇ ಇಟ್ಟುಕೊಳ್ಳುವ ಅಭ್ಯಾಸ ಬೇಗನೆ ಬರುತ್ತದೆ.

1926ರಲ್ಲಿ, 13 ವರ್ಷದ ಹುಡುಗನಾಗಿ, ಅಲನನು ಶೆರ್ಬೋರ್ನ್ ಎಂಬ ಊರಿನ ಶಾಲೆಗೆ ಸೇರಬೇಕಾಗಿತ್ತು. ಅವನು ಹಡಗಿನಿಂದ ಸೌತಾಂಪ್ಟನ್ನಿನಲ್ಲಿ ಇಳಿಯುವ ಹೊತ್ತಿಗೆ ದೇಶದಲ್ಲೆಲ್ಲ ಸಾರ್ವತ್ರಿಕ ಮುಷ್ಕರ ಆರಂಭವಾಗಿ ರೈಲುಗಳು ನಿಂತಿದ್ದವು. ಹುಡುಗನು ಸೈಕಲ್ ಹತ್ತಿ, ದಾರಿಯಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ತಂಗಿ, ಸುಮಾರು 60 ಮೈಲಿಗಳ ದೂರವನ್ನು ತುಳಿದುಕೊಂಡು ಬಂದು ಶಾಲೆಯನ್ನು ಸೇರಿದನು. ಅವನ ಮುಂದಿನ ಜೀವಿತವೆಲ್ಲವೂ ಈ ಒಂದು ಪ್ರಯಾಣದಲ್ಲಿ ಅಡಗಿದಂತೆ ನನಗೆ ತೋರುತ್ತದೆ: ದಾರಿ ಇಲ್ಲವೆಂದು ಉಳಿದವರು ಕುಳಿತಲ್ಲಿ ತನ್ನ ಕಾಲುಗಳನ್ನು ನಂಬಿ ಹೊರಡುವುದು.

ಆ ಶಾಲೆಯಲ್ಲಿ ಅವನಿಗಿಂತ ಸ್ವಲ್ಪ ಹಿರಿಯನಾದ ಕ್ರಿಸ್ಟೋಫರ್ ಮೊರ್ಕಮ್ ಎಂಬವನು ಇದ್ದನು. ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಇಬ್ಬರಿಗೂ ಸಮಾನವಾದ ಆಸಕ್ತಿ. ಟ್ಯೂರಿಂಗನು ಮೊದಲು ಪ್ರೀತಿಸಿದ್ದು ಅವನನ್ನು. 1930ನೆಯ ಫೆಬ್ರವರಿ 13ರಂದು ಮೊರ್ಕಮನು ಕ್ಷಯರೋಗದಿಂದ ತೀರಿಕೊಂಡನು. ಎಳೆಯನಾಗಿದ್ದಾಗ ಸೋಂಕಿನ ಹಾಲನ್ನು ಕುಡಿದುದರಿಂದ ಬಂದ ರೋಗವದು. ಆ ಮರಣದ ಬಳಿಕ ಮನಸ್ಸೆಂಬುದು ದೇಹದೊಡನೆ ಹೇಗೆ ಅಂಟಿಕೊಂಡಿರುತ್ತದೆ, ದೇಹವಳಿದ ಮೇಲೆ ಅದೇನಾಗುತ್ತದೆ ಎಂಬ ಚಿಂತೆ ಟ್ಯೂರಿಂಗನನ್ನು ಹಿಡಿಯಿತು. ಯಂತ್ರವು ಯೋಚಿಸಬಲ್ಲುದೇ ಎಂದು 1950ರಲ್ಲಿ ಅವನು ಬರೆದ ಪ್ರಸಿದ್ಧ ಪ್ರಬಂಧದ ಬೇರು ಇಲ್ಲಿಯೇ ಇದೆಯೆಂದು ಬಲ್ಲವರು ಹೇಳುತ್ತಾರೆ. ನಾನೂ ಹಾಗೆಯೇ ನಂಬುತ್ತೇನೆ.

1931ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿಗೆ ಸೇರಿದವನು 22ನೆಯ ವಯಸ್ಸಿಗೇ ಅಲ್ಲಿ ಫೆಲೋ ಆದನು. 1936ರಲ್ಲಿ ಅವನು ಬರೆದ ಪ್ರಬಂಧವು ನಮ್ಮ ಕಾಲವನ್ನು ಮಾಡಿದ ಬರಹಗಳಲ್ಲಿ ಒಂದು. ಅದನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಹಳೆಯ ಕಾಲದ ಶಾನುಭೋಗನ ಉದಾಹರಣೆಯಿಂದ ವಿವರಿಸುತ್ತಿದ್ದೆ. ಶಾನುಭೋಗನ ಮುಂದೆ ಮುಗಿಯದಷ್ಟು ಉದ್ದವಾದ ಒಂದು ಪಟ್ಟಿಯಿದೆ, ಪಟ್ಟಿಯಲ್ಲಿ ಚೌಕಗಳಿವೆ. ಅವನು ಒಂದು ಸಲಕ್ಕೆ ಒಂದೇ ಚೌಕವನ್ನು ನೋಡುತ್ತಾನೆ. ಅಲ್ಲಿ ಇರುವ ಗುರುತನ್ನು ಅಳಿಸುವುದೋ ಬರೆಯುವುದೋ, ಎಡಕ್ಕೆ ಸರಿಯುವುದೋ ಬಲಕ್ಕೆ ಸರಿಯುವುದೋ ಎಂಬುದಕ್ಕೆ ಅವನ ಬಳಿ ಒಂದು ಚಿಕ್ಕ ನಿಯಮಾವಳಿಯಿದೆ. ಅವನು ಯೋಚಿಸಬೇಕಾಗಿಲ್ಲ, ನಿಯಮವನ್ನು ಪಾಲಿಸಿದರೆ ಸಾಕು. ಮನುಷ್ಯನು ಲೆಕ್ಕ ಹಾಕಿ ಕಂಡುಹಿಡಿಯಬಲ್ಲುದನ್ನೆಲ್ಲ ಇಂತಹ ಯಂತ್ರ-ಶಾನುಭೋಗನೂ ಕಂಡುಹಿಡಿಯಬಲ್ಲನು. ಅದಕ್ಕಿಂತ ಹೆಚ್ಚಾಗಿ, ನಿಯಮಾವಳಿಯನ್ನೇ ಪಟ್ಟಿಯ ಮೇಲೆ ಬರೆದುಕೊಟ್ಟರೆ, ಒಬ್ಬನೇ ಶಾನುಭೋಗನು ಉಳಿದ ಎಲ್ಲ ಶಾನುಭೋಗರ ಕೆಲಸವನ್ನೂ ಮಾಡಬಲ್ಲನು. ಎರಡನೆಯ ಮಾತೇ ಇಂದಿನ ಗಣಕಯಂತ್ರದ ಜೀವಾಳ. ಇದರ ಜೊತೆಗೆ ಯಾವ ಯಂತ್ರಕ್ಕೂ ಬಿಡಿಸಲಾಗದ ಪ್ರಶ್ನೆಗಳುಂಟೆಂಬುದನ್ನೂ ಅವನು ಅಲ್ಲಿಯೇ ಸಾಧಿಸಿ ತೋರಿಸಿದನು. ಅಮೆರಿಕದ ಪ್ರಿನ್ಸ್ಟನ್ನಿನಲ್ಲಿ ಅಲೊಂಜೊ ಚರ್ಚನ ಕೈಕೆಳಗೆ ಡಾಕ್ಟರೇಟು ಪಡೆದು 1938ರಲ್ಲಿ ಊರಿಗೆ ಮರಳಿದನು.

ಯುದ್ಧ ಕಾಲದ ಕಥೆಯನ್ನು ಚಲನಚಿತ್ರಗಳು ಹೇಳಿವೆ. ನಾನು ಚಿಕ್ಕದಾಗಿ ಹೇಳಿ ಮುಂದೆ ಸಾಗುತ್ತೇನೆ. ಇಂಗ್ಲೆಂಡು ಯುದ್ಧಕ್ಕಿಳಿದ ಮರುದಿನ, 1939ನೆಯ ಸೆಪ್ಟೆಂಬರ್ 4ರಂದು, ಅವನು ಬ್ಲೆಚ್ಲಿ ಪಾರ್ಕಿನ ಗುಪ್ತ ಕಚೇರಿಗೆ ಹಾಜರಾದನು. ಜರ್ಮನರ ಎನಿಗ್ಮಾ ಯಂತ್ರದ ಸಂಕೇತವನ್ನು ಒಡೆಯುವ ಕೆಲಸದಲ್ಲಿ ಪೋಲೆಂಡಿನ ಗಣಿತಜ್ಞರು ಆಗಲೇ ಬಹಳ ದೂರ ನಡೆದಿದ್ದರು. ತಮಗೆ ತಿಳಿದುದನ್ನು ಆ ವರ್ಷದ ಜುಲೈಯಲ್ಲಿ ಬ್ರಿಟಿಷರಿಗೆ ಧಾರೆಯೆರೆದಿದ್ದರು. ಟ್ಯೂರಿಂಗನೂ ಗಾರ್ಡನ್ ವೆಲ್ಚ್‌ಮನ್ನನೂ ಸೇರಿ ರೂಪಿಸಿದ ಬಾಂಬ್ ಎಂಬ ಯಂತ್ರವು ಆ ಕೆಲಸವನ್ನು ಮುಂದೊಯ್ದಿತು. ಜರ್ಮನ್ ನೌಕಾಪಡೆಯ ಸಂಕೇತವನ್ನು ಒಡೆಯುವ ಗುಂಪಿಗೆ ಟ್ಯೂರಿಂಗನು ಮುಖ್ಯಸ್ಥನಾಗಿದ್ದನು. ಹಾಗೆಂದು ಒಬ್ಬನೇ ಯುದ್ಧವನ್ನು ಗೆದ್ದನೆಂದು ಹೇಳುವುದು ಸಲ್ಲದು. ಸಾವಿರಾರು ಮಂದಿ ದುಡಿದ ಆ ಜಾಗದಲ್ಲಿ ಹೆಂಗಸರೇ ಹೆಚ್ಚಾಗಿದ್ದರು.

ಅವನ ವಿಚಿತ್ರ ನಡತೆಗಳನ್ನು ಕುರಿತ ಕಥೆಗಳಿಗೆ ಲೆಕ್ಕವಿಲ್ಲ. ಹೂವಿನ ಪರಾಗ ಒಗ್ಗದೆಂದು ವಿಷಾನಿಲದ ಮುಖವಾಡ ತೊಟ್ಟು ಸೈಕಲ್ ತುಳಿಯುತ್ತಿದ್ದನು. ಚಹಾದ ಲೋಟವನ್ನು ಸರಪಣಿಯಿಂದ ಕಟ್ಟಿ ಬೀಗ ಹಾಕುತ್ತಿದ್ದನು. ಜರ್ಮನರು ದೇಶವನ್ನು ಹಿಡಿದಾರೆಂದು ಬೆಳ್ಳಿಯ ಗಟ್ಟಿಗಳನ್ನು ಕೊಂಡು ಕಾಡಿನಲ್ಲಿ ಹೂತಿಟ್ಟು, ಯುದ್ಧ ಮುಗಿದ ಮೇಲೆ ಹೂತ ಜಾಗವನ್ನು ಕಂಡುಹಿಡಿಯಲಾರದೆ ಬರಿಗೈಯಲ್ಲಿ ಮರಳಿದನು. ಜಗತ್ತಿನ ಅತಿ ಕಠಿಣವಾದ ಸಂಕೇತಗಳಲ್ಲಿ ಒಂದನ್ನು ಒಡೆದವನಿಗೆ ತನ್ನದೇ ಗುರುತು ತಿಳಿಯಲಿಲ್ಲ. ನಗು ಬರುತ್ತದೆ, ಆದರೆ ಈ ಕಥೆಗಳನ್ನು ಹೇಳಿ ಹೇಳಿ ನಾವು ಅವನನ್ನು ತಮಾಷೆಯ ಮನುಷ್ಯನನ್ನಾಗಿ ಮಾಡಿದೆವೆಂದು ನನಗೆ ಬೇಸರವೂ ಉಂಟು. ಅದೇ ಕಚೇರಿಯಲ್ಲಿದ್ದ ಜೋನ್ ಕ್ಲಾರ್ಕ್ ಎಂಬ ಗಣಿತಜ್ಞೆಯೊಡನೆ 1941ರಲ್ಲಿ ಅವನ ವಿವಾಹ ನಿಶ್ಚಯವಾಗಿತ್ತು. ತನಗೆ ಗಂಡಸರಲ್ಲಿ ಅನುರಾಗವೆಂಬುದನ್ನು ಅವನು ಅವಳಿಗೆ ಮುಚ್ಚಿಡಲಿಲ್ಲ. ಅವಳು ಅದಕ್ಕೆ ಬೆದರಲಿಲ್ಲ. ಕೊನೆಗೆ ಅವಳಿಗೆ ಅನ್ಯಾಯವಾದೀತೆಂದು ಅವನೇ ಆ ಸಂಬಂಧವನ್ನು ಮುರಿದನು, ಸ್ನೇಹ ಉಳಿಯಿತು.

ಇನ್ನು ಅವನ ಓಟದ ವಿಷಯ. ಇದನ್ನು ಬರೆಯುವಾಗ ನನ್ನ ಲೇಖನಿ ತಾನಾಗಿ ನಿಧಾನವಾಗುತ್ತದೆ.

ಯುದ್ಧ ಮುಗಿದ ಮೇಲೆ ಅವನು ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಸೇರಿ ಗಣಕಯಂತ್ರವೊಂದರ ವಿನ್ಯಾಸದಲ್ಲಿ ತೊಡಗಿದನು. ಅದೇ ಕಾಲದಲ್ಲಿ ದೂರದ ಓಟವನ್ನು ಗಂಭೀರವಾಗಿ ಹಿಡಿದನು. ಲಂಡನ್ನಿನ ಇನ್ನೊಂದು ಮೂಲೆಯಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾಲಯದಲ್ಲಿ ಕೆಲಸವಿದ್ದರೆ, ಬಸ್ಸು ರೈಲುಗಳನ್ನು ಬಿಟ್ಟು, ಹಳೆಯ ಬಟ್ಟೆಯಲ್ಲಿ 14 ಮೈಲಿಗಳನ್ನು ಓಡಿಕೊಂಡೇ ಹೋಗುತ್ತಿದ್ದನು. ವಾಲ್ಟನ್ ಎಂಬಲ್ಲಿಯ ಓಟಗಾರರ ಸಂಘದವರು ಅವನನ್ನು ದಾರಿಯಲ್ಲಿ ಕಂಡು ತಮ್ಮೊಳಗೆ ಸೇರಿಸಿಕೊಂಡರು. ಅವನು ಓಡುವಾಗ ಗಂಟಲಿನಿಂದ ದೊಡ್ಡ ಸದ್ದು ಹೊರಡುತ್ತಿತ್ತಂತೆ. ಅವನು ಕಾಣುವ ಮೊದಲೇ ಅವನ ಬರವು ಕೇಳಿಸುತ್ತಿತ್ತಂತೆ. ಏಕೆ ಇಷ್ಟು ಕಠಿಣವಾಗಿ ಓಡುತ್ತೀಯೆಂದು ಸಂಗಾತಿಗಳು ಕೇಳಿದಾಗ, ತನ್ನ ಕೆಲಸದ ಭಾರವನ್ನು ತಲೆಯಿಂದ ಇಳಿಸಲು ತನಗೆ ಬೇರೆ ಉಪಾಯವಿಲ್ಲವೆಂಬ ಅರ್ಥದಲ್ಲಿ ಉತ್ತರಿಸಿದನು.

1947ನೆಯ ಆಗಸ್ಟಿನಲ್ಲಿ ಇಂಗ್ಲೆಂಡಿನ ಹವ್ಯಾಸಿ ಕ್ರೀಡಾ ಸಂಸ್ಥೆಯ ಮ್ಯಾರಥಾನ್ ಸ್ಪರ್ಧೆಯಲ್ಲಿ ಅವನು 2 ಗಂಟೆ 46 ನಿಮಿಷ 3 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಐದನೆಯವನಾದನು. ಈ ಅಂಕಿಯ ಅರ್ಥ ನಮ್ಮವರಿಗೆ ತಿಳಿಯಬೇಕಾದರೆ ಹೀಗೆ ಎಣಿಸಬೇಕು: ಪುತ್ತೂರು ಪೇಟೆಯಿಂದ ಹೊರಟು, ಕಾವು, ಜಾಲ್ಸೂರುಗಳನ್ನು ಹಾದು, ಸುಳ್ಯವನ್ನೂ ದಾಟಿ, ಸಂಪಾಜೆಯ ದಾರಿಯಲ್ಲಿ ಮತ್ತೂ ಕೆಲವು ಮೈಲಿ ಓಡಬೇಕು. ಹಳೆಯ ಕಾಲದ ಬಸ್ಸುಗಳು ಆ ಏರಿಳಿತದ ರಸ್ತೆಯಲ್ಲಿ, ನಿಲ್ಲುವಲ್ಲೆಲ್ಲ ನಿಂತು, ಅದಕ್ಕಿಂತ ಬಹಳವೇನೂ ಬೇಗ ತಲಪುತ್ತಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನನ್ನು ಗೆದ್ದ ಅರ್ಜೆಂಟೀನದ ಡೆಲ್ಫೊ ಕಬ್ರೇರನು ತೆಗೆದುಕೊಂಡ ಕಾಲ 2 ಗಂಟೆ 34 ನಿಮಿಷ 51 ಸೆಕೆಂಡು. ಹಗಲೆಲ್ಲ ಯಂತ್ರದ ನಕ್ಷೆಯನ್ನು ಬರೆದು ಸಂಜೆ ಓಡಲು ಹೊರಡುತ್ತಿದ್ದ ಗಣಿತಜ್ಞನಿಗೂ ಲೋಕದ ವಿಜೇತನಿಗೂ ನಡುವೆ ಇದ್ದುದು 11 ನಿಮಿಷಗಳ ಅಂತರ ಮಾತ್ರ. ಕಾಲಿನ ನೋವಿನಿಂದ ಅವನ ಸ್ಪರ್ಧೆಯ ಓಟವು ಅಲ್ಲಿಗೆ ನಿಂತಿತು. ಹವ್ಯಾಸಕ್ಕಾಗಿ ಓಡುವುದು ನಿಲ್ಲಲಿಲ್ಲ.

ಇಂತಹ ಓಟಗಾರನೊಬ್ಬನನ್ನು ನಾನು ಹತ್ತಿರದಿಂದ ಬಲ್ಲೆ.

ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. 1970ರ ದಶಕದ ನಡುವಿನ ಮಾತು. ಈಗ ತಾಲೂಕಾಗಿರುವ ಕಡಬದ ಕಡೆ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಅಧ್ಯಾಪಕ. ಕಡಬವು ಆಗ ಪುತ್ತೂರು ತಾಲೂಕಿನ ಹೋಬಳಿ. ನಮ್ಮ ಶಾಲೆಯ ಡ್ರಿಲ್ ಮಾಸ್ಟ್ರು ನನಗಿಂತ ನಾಲ್ಕೈದು ವರ್ಷ ಹಿರಿಯರು. ಬೆಳಗಿನ ಜಾವ, ತೋಟಗಳ ಮೇಲೆ ಮಂಜು ಏಳುವ ಮೊದಲೇ, ಕುಮಾರಧಾರೆಯ ಕಡೆಗಿನ ಮಣ್ಣಿನ ರಸ್ತೆಯಲ್ಲಿ ಓಡಿ ಬರುತ್ತಿದ್ದರು. ಬರಿಗಾಲಿನ ಹುಡುಗರನ್ನು ಜಿಲ್ಲಾ ಕ್ರೀಡಾಕೂಟಕ್ಕೆ ಅಣಿಗೊಳಿಸಿ, ತಮ್ಮ ಸಂಬಳದಿಂದ ಅವರಿಗೆ ಬಾಳೆಹಣ್ಣು, ಅವಲಕ್ಕಿ ಕೊಡಿಸುತ್ತಿದ್ದರು. ನಾವಿಬ್ಬರೂ ಒಂದೇ ಬಾಡಿಗೆ ಕೊಠಡಿಯ ನೆರೆಹೊರೆಯವರು. ಸಂಜೆ ನನ್ನ ಬಾಗಿಲಲ್ಲಿ ಕುಳಿತು ಅವರು ಓಟದ ಅಂಕಿಗಳನ್ನು ಹೇಳುತ್ತಿದ್ದರು. ನಾನು ಅವುಗಳಿಂದ ವೇಗವನ್ನು ಲೆಕ್ಕ ಹಾಕಿ ಕೊಡುತ್ತಿದ್ದೆ.

ಅವರ ಕಥೆಯನ್ನು ಟ್ಯೂರಿಂಗನ ಕಥೆಯ ನಡುವೆ ಹೇಳದೆ ನಿರ್ವಾಹವಿಲ್ಲ. ಆದರೆ ಮೊದಲು ಮ್ಯಾಂಚೆಸ್ಟರಿಗೆ ಹೋಗಿ ಬರೋಣ.

1948ರಲ್ಲಿ ಟ್ಯೂರಿಂಗನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವನ್ನು ಸೇರಿದನು. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದನು. ಪ್ರಾಣಿಗಳ ಮೈಮೇಲಿನ ಪಟ್ಟೆ ಚುಕ್ಕೆಗಳು ರಾಸಾಯನಿಕ ದ್ರವ್ಯಗಳ ಹರಡುವಿಕೆಯಿಂದ ಹೇಗೆ ಮೂಡುತ್ತವೆಂಬುದನ್ನು ಗಣಿತದಿಂದ ಬಿಡಿಸಲು ತೊಡಗಿದ್ದ ಕಾಲವದು. 1952ನೆಯ ಜನವರಿಯಲ್ಲಿ ಅವನ ಮನೆಯಲ್ಲಿ ಕಳ್ಳತನವಾಯಿತು. ಅವನೊಡನೆ ಸಂಬಂಧವಿದ್ದ 19 ವರ್ಷದ ಯುವಕನೊಬ್ಬನಿಗೆ ಪರಿಚಯದವನೇ ಕಳ್ಳನು. ಟ್ಯೂರಿಂಗನು ಪೊಲೀಸರಿಗೆ ದೂರು ಕೊಟ್ಟನು; ವಿಚಾರಣೆಯಲ್ಲಿ ಆ ಯುವಕನೊಡನೆ ತನಗಿದ್ದ ಸಂಬಂಧವನ್ನು ಮರೆಮಾಚದೆ ಹೇಳಿಬಿಟ್ಟನು. ತಾನು ತಪ್ಪು ಮಾಡಿದೆನೆಂಬ ಭಾವವೇ ಅವನಲ್ಲಿ ಇರಲಿಲ್ಲ. ಕಳ್ಳತನದ ದೂರು ಹಿಂದೆ ಸರಿಯಿತು. ದೂರು ಕೊಟ್ಟವನೇ ಆರೋಪಿಯಾದನು. 1885ರ ಕಾಯಿದೆಯ 11ನೆಯ ಸೆಕ್ಷನ್ ಅದಕ್ಕೆ ಆಧಾರ; ಆಸ್ಕರ್ ವೈಲ್ಡನನ್ನು 1895ರಲ್ಲಿ ಸೆರೆಮನೆಗೆ ಕಳುಹಿಸಿದುದೂ ಅದೇ.

1952ನೆಯ ಮಾರ್ಚ್ 31ರಂದು ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಅಂದು ಇಬ್ಬರು ಮನುಷ್ಯರು ಸಾಕ್ಷಿಯ ಕಟಕಟೆಯನ್ನು ಹತ್ತಿ ಟ್ಯೂರಿಂಗನ ಶೀಲವನ್ನು ಎತ್ತಿ ಹಿಡಿದರು. ಒಬ್ಬನು ಅವನ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಮ್ಯಾಕ್ಸ್ ನ್ಯೂಮನ್. ಇನ್ನೊಬ್ಬನು ಹ್ಯೂ ಅಲೆಗ್ಸಾಂಡರ್, ಬ್ಲೆಚ್ಲಿಯ ಸಹೋದ್ಯೋಗಿ, ಬ್ರಿಟನ್ನಿನ ಚದುರಂಗದ ಚಾಂಪಿಯನ್, ಆಗಲೂ ಸರಕಾರದ ಗುಪ್ತ ಸಂಕೇತ ಇಲಾಖೆಯಲ್ಲಿ ಇದ್ದವನು. ಅವನು ಆ ದಿನ ಕೋರ್ಟಿಗೆ ಬಂದು ನಿಲ್ಲುವುದು ಹಗುರವಾದ ಸಂಗತಿಯಾಗಿರಲಾರದು. ಟ್ಯೂರಿಂಗನ ಜೀವನಚರಿತ್ರೆಯನ್ನು ಓದುವಾಗ ನನ್ನನ್ನು ಹೆಚ್ಚು ಕಾಡಿದ ಪುಟ ಇದೇ.

ಏಕೆಂದರೆ ನಮ್ಮ ಡ್ರಿಲ್ ಮಾಸ್ಟ್ರ ಪರವಾಗಿ ಯಾರೂ ಎದ್ದು ನಿಲ್ಲಲಿಲ್ಲ. ಹತ್ತಿರದ ರಬ್ಬರ್ ತೋಟವೊಂದರಲ್ಲಿ ಗುಮಾಸ್ತನಾಗಿದ್ದ, ಅವರದೇ ವಯಸ್ಸಿನ ಒಬ್ಬನೊಡನೆ ಅವರಿಗೆ ಸಲಿಗೆಯಿತ್ತೆಂದು ಊರಲ್ಲಿ ಮಾತು ಹುಟ್ಟಿತು. ಶಾಲೆಯ ಹುಡುಗರ ವಿಷಯದಲ್ಲಿ ಅವರ ಮೇಲೆ ಒಂದು ಕೊಂಕು ಮಾತೂ ಇರಲಿಲ್ಲ. ಇದನ್ನು ನಾನು ಅಂದೂ ಬಲ್ಲೆ, ಇಂದೂ ಹೇಳುತ್ತೇನೆ. ಆಡಳಿತ ಮಂಡಳಿಯವರು ಅವರನ್ನು ಕರೆಸಿದರು. ಪೊಲೀಸರ ಹೆಸರನ್ನೂ ದಂಡ ಸಂಹಿತೆಯ ಹೆಸರನ್ನೂ ಎತ್ತಿದರು. ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟರೆ ವಿಷಯ ಅಲ್ಲಿಗೆ ಮುಗಿಯುವುದೆಂದು ತಿಳಿಸಿದರು. ಪತ್ರವನ್ನು ಚೆನ್ನಾದ ಅಕ್ಷರದಲ್ಲಿ ಬರೆಯುವವರು ಬೇಕಾಗಿತ್ತು. ಶಾಲೆಯಲ್ಲಿ ನನ್ನ ಅಕ್ಷರವೇ ಚೆನ್ನಾಗಿತ್ತು.

ನಾನು ಬರೆದೆ. ಕೌಟುಂಬಿಕ ಕಾರಣಗಳಿಂದ ಎಂದು ಬರೆದೆ. ಅವರು ಓದದೆಯೇ ಸಹಿ ಮಾಡಿದರು. ಮರುದಿನ ಮೊದಲ ಬಸ್ಸಿನಲ್ಲಿ ಹೊರಟುಹೋದರು. ನಾನು ಎಚ್ಚರವಾಗಿದ್ದೆ, ಬಾಗಿಲು ತೆರೆಯಲಿಲ್ಲ.

ಟ್ಯೂರಿಂಗನಿಗೆ ನ್ಯಾಯಾಲಯವು ಕೊಟ್ಟ ಆಯ್ಕೆ ಹೀಗಿತ್ತು: ಸೆರೆಮನೆ, ಇಲ್ಲವೇ ಒಂದು ವರ್ಷ ಹೆಣ್ಣಿನ ಹಾರ್ಮೋನಿನ ಚಿಕಿತ್ಸೆ. ಅವನು ಎರಡನೆಯದನ್ನು ಆರಿಸಿಕೊಂಡನು. ಸೆರೆಮನೆಗೆ ಹೋದರೆ ಕೆಲಸ ನಿಲ್ಲುತ್ತಿತ್ತು. ಸ್ಟಿಲ್ಬೆಸ್ಟ್ರಾಲ್ ಎಂಬ ಆ ಔಷಧದಿಂದ ಗಂಡಸಿನ ಕಾಮವು ಕುಗ್ಗುವುದೆಂಬುದು ವೈದ್ಯರ ಲೆಕ್ಕ. ಅದರಿಂದ ಎದೆ ಬೆಳೆಯುತ್ತದೆ. ಮ್ಯಾರಥಾನ್ ಓಡಿ ಹುರಿಗೊಂಡಿದ್ದ ದೇಹಕ್ಕೆ ಕಾನೂನು ಇದನ್ನು ಮಾಡಿತು. ಗಣಿತಜ್ಞನ ಮೇಲೆ ನಡೆದ ಅನ್ಯಾಯವನ್ನು ಎಲ್ಲರೂ ಹೇಳುತ್ತಾರೆ. ಅದು ಓಟಗಾರನ ಮೇಲೆಯೂ ನಡೆಯಿತೆಂಬುದನ್ನು ನಾನು ಮರೆಯಲಾರೆ.

ಉದ್ಯೋಗದ ವಿಷಯದಲ್ಲಿ ಅವನಿಗೆ ಆದುದು ಎರಡು ಬಗೆ. ವಿಶ್ವವಿದ್ಯಾಲಯವು ಅವನನ್ನು ಕೈಬಿಡಲಿಲ್ಲ; ಶಿಕ್ಷೆಯ ಅವಧಿ ಮುಗಿದ ಮೇಲೆ, 1953ರಲ್ಲಿ, ಅವನಿಗಾಗಿಯೇ ಗಣನ ಸಿದ್ಧಾಂತದ ರೀಡರ್ ಹುದ್ದೆಯನ್ನು ಏರ್ಪಡಿಸಿತು. ಆದರೆ ಸರಕಾರದ ಗುಪ್ತ ಸಂಕೇತ ಇಲಾಖೆಯಲ್ಲಿ ಅವನಿಗಿದ್ದ ಸಲಹೆಗಾರನ ಕೆಲಸ ಹೋಯಿತು. ದೇಶದ ಅತಿ ದೊಡ್ಡ ಗುಟ್ಟನ್ನು ಹೊತ್ತು ಒಂದು ಮಾತನ್ನೂ ಹೊರಗೆಡಹದಿದ್ದವನು ಗುಟ್ಟಿಗೆ ಅನರ್ಹನೆಂದು ಎಣಿಸಲ್ಪಟ್ಟನು. ಮರುವರ್ಷವೇ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರನ ಆಜ್ಞೆಯಂತೆ ಅಲ್ಲಿಯ ಸರಕಾರಿ ನೌಕರಿಯಿಂದಲೂ ಇಂತಹವರನ್ನು ಹೊರಹಾಕತೊಡಗಿದರು. ಸೈನ್ಯದ ನಕ್ಷೆ ವಿಭಾಗದಲ್ಲಿದ್ದ ಖಗೋಳಜ್ಞ ಫ್ರಾಂಕ್ ಕ್ಯಾಮೆನಿ 1957ರಲ್ಲಿ ಹಾಗೆ ಕೆಲಸ ಕಳೆದುಕೊಂಡನು. ಆದರೆ ಅವನು ಸುಮ್ಮನೆ ಹೋಗದೆ ಉಳಿದ ಆಯುಷ್ಯವನ್ನೆಲ್ಲ ಆ ಅನ್ಯಾಯದೊಡನೆ ಹೋರಾಡುವುದರಲ್ಲಿಯೇ ಕಳೆದನು.

1954ನೆಯ ಜೂನ್ 8ರಂದು ಮನೆಗೆಲಸದವಳು ಬಂದಾಗ ಟ್ಯೂರಿಂಗನು ಹಾಸಿಗೆಯಲ್ಲಿ ಸತ್ತಿದ್ದನು. ಹಿಂದಿನ ದಿನವೇ ಪ್ರಾಣ ಹೋಗಿತ್ತು. ಸಯನೈಡ್ ವಿಷ; ಪಕ್ಕದಲ್ಲಿ ಅರ್ಧ ತಿಂದ ಸೇಬು. ಅದು ಆತ್ಮಹತ್ಯೆಯೆಂದು ವಿಚಾರಣೆಯ ತೀರ್ಮಾನವಾಯಿತು. ಆ ಸೇಬನ್ನು ಯಾರೂ ಪರೀಕ್ಷಿಸಲಿಲ್ಲ. ಮನೆಯಲ್ಲಿ ರಾಸಾಯನಿಕ ಪ್ರಯೋಗ ಮಾಡುತ್ತಿದ್ದ ಮಗನಿಗೆ ಕೈತಪ್ಪಿ ವಿಷ ಸೋಂಕಿತೆಂದು ತಾಯಿ ಕೊನೆಯವರೆಗೂ ನಂಬಿದ್ದಳು. ಇತ್ತೀಚಿನ ವಿದ್ವಾಂಸರಲ್ಲಿಯೂ ಕೆಲವರು ಆತ್ಮಹತ್ಯೆಯೆಂಬ ತೀರ್ಮಾನವನ್ನು ಸಂದೇಹಿಸಿದ್ದಾರೆ. ಪ್ರಸಿದ್ಧವಾದ ಗಣಕಯಂತ್ರ ಕಂಪೆನಿಯೊಂದರ ಕಚ್ಚಿದ ಸೇಬಿನ ಗುರುತು ಇದರ ನೆನಪಿಗೆಂದು ನನ್ನ ವಿದ್ಯಾರ್ಥಿಗಳು ಹೇಳುವುದುಂಟು. ಅದನ್ನು ಬರೆದ ಚಿತ್ರಕಾರನೇ ಹಾಗಲ್ಲವೆಂದಿದ್ದಾನೆ. ಈ ಕಥೆಯನ್ನು ಬಿಟ್ಟುಬಿಡುವುದು ಒಳ್ಳೆಯದು.

ತಾಯಿ ಸಾರಾ 1959ರಲ್ಲಿ ಮಗನ ಜೀವನವನ್ನು ಬರೆದು ಪ್ರಕಟಿಸಿದಳು. ಓಟವಿದೆ, ಗಣಿತವಿದೆ, ಬಾಲ್ಯದ ಕುಚೇಷ್ಟೆಗಳಿವೆ. ವಿಚಾರಣೆಯೂ ಶಿಕ್ಷೆಯೂ ಇಲ್ಲ. ಮಗನ ಮೇಲಿನ ಮಮತೆಯಿಂದಲೇ ಅವಳು ಅದನ್ನು ಬಿಟ್ಟಳು. ಆಂಡ್ರ್ಯೂ ಹಾಡ್ಜಸನು ಎಲ್ಲವನ್ನೂ ಬರೆದು ದೊಡ್ಡ ಜೀವನಚರಿತ್ರೆಯನ್ನು ಹೊರತರಲು 1983ನೆಯ ಇಸವಿ ಬರಬೇಕಾಯಿತು. ನಾನು ಅದನ್ನು ಓದಿದ್ದು ಮತ್ತೂ ಕೆಲವು ವರ್ಷಗಳ ಮೇಲೆ, ಮಂಗಳೂರಿನಿಂದ ತರಿಸಿದ ಪ್ರತಿಯಲ್ಲಿ. ಓದಿ ಮುಗಿಸಿದ ರಾತ್ರಿ ನನಗೆ ಕಣ್ಣೆದುರಿಗೆ ಬಂದುದು ಬ್ಲೆಚ್ಲಿಯೂ ಅಲ್ಲ, ಮ್ಯಾಂಚೆಸ್ಟರೂ ಅಲ್ಲ. ನಮ್ಮ ಶಾಲೆಯ ಮೈದಾನದ ಸುಣ್ಣದ ಗೆರೆಗಳು. ಡ್ರಿಲ್ ಮಾಸ್ಟ್ರು ಹೋದ ಮೇಲೆ ಆ ಗೆರೆಗಳನ್ನು ಯಾರೂ ಮರಳಿ ಎಳೆಯಲಿಲ್ಲ.

ಬ್ರಿಟಿಷ್ ಸರಕಾರದ ಪಶ್ಚಾತ್ತಾಪ ನಿಧಾನವಾಗಿ ಬಂತು. ಪ್ರಧಾನಿ ಗಾರ್ಡನ್ ಬ್ರೌನ್ 2009ರಲ್ಲಿ ಕ್ಷಮೆ ಕೇಳಿದರು. 2013ರ ಡಿಸೆಂಬರಿನಲ್ಲಿ ರಾಣಿಯ ಕ್ಷಮಾದಾನ ಹೊರಟಿತು. ಅದೇ ಕಾನೂನಿನಿಂದ ಶಿಕ್ಷೆಗೊಳಗಾದ ಸಾವಿರಾರು ಮಂದಿಗೆ 2017ರ ಶಾಸನವು ಅದನ್ನು ವಿಸ್ತರಿಸಿತು. 2021ನೆಯ ಜೂನ್ 23ರಂದು, ಅವನು ಹುಟ್ಟಿದ ದಿನವೇ, ಅವನ ಚಿತ್ರವಿರುವ 50 ಪೌಂಡಿನ ನೋಟು ಚಲಾವಣೆಗೆ ಬಂತು. ಅಪರಾಧವನ್ನೇ ಮಾಡದವನಿಗೆ ಕ್ಷಮಾದಾನವೇಕೆಂದು ಅಲ್ಲಿಯವರೇ ಕೆಲವರು ಕೇಳಿದರು. ಸರಿಯಾದ ಪ್ರಶ್ನೆ.

ನಮ್ಮ ದೇಶದ ಕಾನೂನು ಇಂಗ್ಲೆಂಡಿನ 1885ರ ಕಾಯಿದೆಗಿಂತಲೂ ಹಳೆಯದು. 1860ರ ದಂಡ ಸಂಹಿತೆಯ 377ನೆಯ ಕಲಮು ಜೂಲಿಯಸ್ ಟ್ಯೂರಿಂಗನಂತಹ ಅಧಿಕಾರಿಗಳು ಆಳುತ್ತಿದ್ದ ಬಳ್ಳಾರಿಗೂ ಪುತ್ತೂರಿಗೂ ಅನ್ವಯಿಸಿತ್ತು. ಇಂಗ್ಲೆಂಡು ತನ್ನ ಕಾನೂನನ್ನು 1967ರಲ್ಲಿ ಸಡಿಲಿಸಿತು. ನಾವು ಅವರು ಬಿಟ್ಟುಹೋದುದನ್ನು ಜೋಪಾನವಾಗಿ ಇಟ್ಟುಕೊಂಡೆವು. ಡ್ರಿಲ್ ಮಾಸ್ಟ್ರನ್ನು ಬೆದರಿಸಿದುದೂ ಅದರ ಹೆಸರಿನಿಂದಲೇ. ಅಲಿಗಢದ ವಿಶ್ವವಿದ್ಯಾಲಯದಲ್ಲಿ ಮರಾಠಿಯ ಪ್ರಾಧ್ಯಾಪಕರಾಗಿದ್ದ ಡಾ. ರಾಮಚಂದ್ರ ಸಿರಸ್ ಅವರನ್ನು 2010ರ ಫೆಬ್ರವರಿಯಲ್ಲಿ ಇದೇ ಬಗೆಯ ಕಾರಣಕ್ಕೆ ಅಮಾನತು ಮಾಡಿದರು. ಅಲಹಾಬಾದಿನ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ಆ ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರ ಶವ ಮನೆಯಲ್ಲಿ ಸಿಕ್ಕಿತು. 2018ನೆಯ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸಾರಿತು. ಕರ್ನಾಟಕ ಸರಕಾರವು 2021ರಲ್ಲಿ ತೃತೀಯ ಲಿಂಗಿಗಳಿಗೆ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟುದೂ ಒಂದು ಹೆಜ್ಜೆ. ಆದರೆ ಖಾಸಗಿ ಶಾಲೆಯ ಡ್ರಿಲ್ ಮಾಸ್ಟ್ರೊಬ್ಬನ ಕೈಯಿಂದ ರಾಜೀನಾಮೆ ಬರೆಸಿಕೊಳ್ಳುವವರನ್ನು ತಡೆಯುವುದಕ್ಕೆ ಅಪರಾಧವಲ್ಲವೆಂಬ ಮಾತೊಂದೇ ಸಾಲದು. ಅಮೆರಿಕದ ಜಾರ್ಜಿಯಾದಲ್ಲಿ ಜೆರಾಲ್ಡ್ ಬೊಸ್ಟಾಕ್ ಎಂಬ ಸರಕಾರಿ ನೌಕರನು ಸಲಿಂಗಾನುರಾಗಿಗಳ ಸಾಫ್ಟ್‌ಬಾಲ್ ಕೂಟಕ್ಕೆ ಸೇರಿದ ಮೇಲೆ ಕೆಲಸ ಕಳೆದುಕೊಂಡನು. ಅಂತಹ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದ್ದು 2020ರಲ್ಲಿ. ಆಟಕ್ಕೂ ಅನ್ನಕ್ಕೂ ಇಷ್ಟು ಹತ್ತಿರದ ಸಂಬಂಧವಿದೆ.

ಆಟದ ಮೈದಾನವೇ ಈ ವಿಷಯದಲ್ಲಿ ಹೆಚ್ಚು ಕಠಿಣವೆಂದು ತೋರುತ್ತದೆ. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರ ಜಸ್ಟಿನ್ ಫಶಾನು 1990ರಲ್ಲಿ ತಾನು ಸಲಿಂಗಾನುರಾಗಿಯೆಂದು ಬಹಿರಂಗವಾಗಿ ಹೇಳಿದನು. ಒಂದು ಕಾಲಕ್ಕೆ ಹತ್ತು ಲಕ್ಷ ಪೌಂಡು ಕೊಟ್ಟು ಕೊಂಡಿದ್ದ ಆಟಗಾರನವನು. ಆ ಮೇಲೆ ಯಾವ ತಂಡದಲ್ಲಿಯೂ ಅವನು ಭದ್ರವಾಗಿ ನೆಲೆಯೂರಲಿಲ್ಲ. 1998ರಲ್ಲಿ ಪ್ರಾಣ ಕಳೆದುಕೊಂಡನು. ಆ ದೇಶದ ಪುರುಷರ ವೃತ್ತಿಪರ ಫುಟ್‌ಬಾಲಿನಲ್ಲಿ, ಇನ್ನೂ ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ಮತ್ತೊಬ್ಬನು ಬರಲು 2022ರವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿ ಆ ಮಾತನ್ನು ಮೊದಲು ಆಡಿದವಳು ಒಡಿಶಾದ ನೇಕಾರರ ಮನೆಯ ಹುಡುಗಿ, ಓಟಗಾರ್ತಿ ದ್ಯುತಿ ಚಂದ್, ಅದು 2019ರಲ್ಲಿ. ಪತ್ರಿಕೆಯಲ್ಲಿ ಅವಳ ಚಿತ್ರವನ್ನು ನೋಡುತ್ತ ನಾನು ಬಹಳ ಹೊತ್ತು ಕುಳಿತಿದ್ದೆ.

ಡ್ರಿಲ್ ಮಾಸ್ಟ್ರು ಆಮೇಲೆ ಎಲ್ಲಿಗೆ ಹೋದರೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಬಹುದಾಗಿತ್ತು, ಅವರ ಊರಿನ ಹೆಸರು ನನಗೆ ತಿಳಿದಿತ್ತು, ಸುಳ್ಯದಿಂದ ಒಂದು ಬಸ್ಸಿನ ದೂರ. ಮೊದಲು ಭಯ, ಆಮೇಲೆ ನಾಚಿಕೆ, ಆ ಮೇಲೆ ವರ್ಷಗಳು. ಅವರು ಹೇಳಿದ್ದ ಓಟದ ಅಂಕಿಗಳನ್ನು ಬರೆದಿಟ್ಟ ನೋಟುಪುಸ್ತಕ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಕೆಲವು ಪುಟಗಳನ್ನು ಗೆದ್ದಲು ತಿಂದಿದೆ.

ಗಣಿತ ಸಂಘದ ಮುಂದಿನ ಕೂಟ ದೀಪಾವಳಿಯ ರಜೆ ಕಳೆದ ಮೇಲೆ ಇದೆಯಂತೆ. ನನಗೆ ಅರ್ಧ ಗಂಟೆ ಬೇಕೆಂದು ಕಾರ್ಯದರ್ಶಿಗೆ ಪತ್ರ ಬರೆದಿದ್ದೇನೆ. ಹಿಂದಿನ ಸಾಲಿನ ಆ ಹುಡುಗನನ್ನು ತಪ್ಪದೆ ಬರಹೇಳಬೇಕೆಂದೂ ಬರೆದಿದ್ದೇನೆ. ಹೆಸರು ತಿಳಿಯದು, ಕನ್ನಡಕ ಹಾಕಿಕೊಂಡಿದ್ದನು.